ಓದದ ಸಿಡಿಯಿಂದ ಧ್ವನಿ ತೆಗೆಯಲು ಐಸೊಬಸ್ಟರ್ ಕೊಳ್ಳಬೇಕೆ, ಇಎಸಿ ಸಾಕೆ?

ಕ್ಯಾಸೆಟ್ ಹಾಳಾಗುತ್ತದೆ, ಸಿಡಿ ಬಾಳಿಕೆ ಬರುತ್ತದೆ ಎಂದು ನಂಬಿ 2000ದ ಆಸುಪಾಸಿನಲ್ಲಿ ತಾಳಮದ್ದಲೆ, ಗಮಕ, ಮದುವೆ ಮನೆಯ ನಾಗಸ್ವರ, ಮನೆಯ ಹಿರಿಯರ ಹಾಡು ಎಲ್ಲವನ್ನೂ ಸಿಡಿ-ಆರ್‌ಗೆ ಬರ್ನ್ ಮಾಡಿಸಿಟ್ಟವರು ನಮ್ಮಲ್ಲಿ ಬೇಕಾದಷ್ಟು ಜನ. ಆ ಕ್ಯಾಸೆಟ್‌ಗಳು ಗೊರಗೊರ ಎನ್ನುತ್ತಲಾದರೂ ಇನ್ನೂ ಹಾಡುತ್ತವೆ. ಸಿಡಿಯನ್ನು ಮಾತ್ರ ಡ್ರೈವಿಗೆ ಹಾಕಿದರೆ ನಾಲ್ಕು ಸಲ ಗಿರ್ರೆಂದು ತಿರುಗಿ ಸುಮ್ಮನಾಗುತ್ತದೆ, ‘ಡಿಸ್ಕ್ ಹಾಕಿ’ ಎಂದು ಕಂಪ್ಯೂಟರು ನಮ್ಮನ್ನೇ ಕೇಳುತ್ತದೆ.

ಇಂಥ ಡಿಸ್ಕಿನಿಂದ ಧ್ವನಿ ತೆಗೆಯುವ ಮಾತು ಬಂದಾಗ ಎರಡು ಹೆಸರು ಕೇಳಿಬರುತ್ತವೆ. ಒಂದು, ಬೆಲ್ಜಿಯಂನ ಸ್ಮಾರ್ಟ್ ಪ್ರಾಜೆಕ್ಟ್ಸ್‌ನವರ ಐಸೊಬಸ್ಟರ್. ಇನ್ನೊಂದು, ಜರ್ಮನಿಯ ಆಂದ್ರೆ ವೀಥೋಫ್ ಬರೆದ ಎಕ್ಸಾಕ್ಟ್ ಆಡಿಯೊ ಕಾಪಿ, ಬಳಸುವವರ ಬಾಯಲ್ಲಿ ಇಎಸಿ. ಎರಡೂ ವಿಂಡೋಸ್‌ನವು. ಐಸೊಬಸ್ಟರಿನ ಮೇಲುಮೇಲಿನ ಕೆಲಸ ಪುಕ್ಕಟೆ ಆಗುತ್ತದೆ, ಆಳದ ಕೆಲಸಕ್ಕೆ ಲೈಸೆನ್ಸ್ ಬೇಕು. ಇಎಸಿ ಸ್ವಂತ ಬಳಕೆಗೆ ಉಚಿತ.

ತೀರ್ಪನ್ನು ಮೊದಲೇ ಹೇಳಿಬಿಡುವುದು ವಾಸಿ. ಫೈನಲೈಸ್ ಆಗದೆ, ಅಂದರೆ ಹಾಡಿನ ಪಟ್ಟಿ ಬರೆದು ಡಿಸ್ಕನ್ನು ಮುಚ್ಚುವ ಕೊನೆಯ ಹಂತ ನಡೆಯದೆ, ಉಳಿದ ಡಿಸ್ಕಿಗೆ ಐಸೊಬಸ್ಟರ್. ಹಾಡಿನ ಪಟ್ಟಿ ಕಾಣಿಸಿಯೂ ನಡುನಡುವೆ ಓದಲು ತಡವರಿಸುವ ಡಿಸ್ಕಿಗೆ ಇಎಸಿ. ಯಾವ ಡಿಸ್ಕಿಗೇ ಆದರೂ, ಈ ಎರಡಕ್ಕಿಂತ ಮೊದಲು ಬೇರೊಂದು ಡ್ರೈವ್. ಒಂದೇ ಹಳೆಯ ಲ್ಯಾಪ್‌ಟಾಪ್ ಡ್ರೈವ್ ಇಟ್ಟುಕೊಂಡು ಒಂದಾದ ಮೇಲೊಂದು ಸಾಫ್ಟ್‌ವೇರ್ ಇಳಿಸಿಕೊಳ್ಳುವವರೇ ಹೆಚ್ಚು. ಡ್ರೈವಿನ ಲೇಸರಿಗೆ ಕಾಣದ್ದನ್ನು ಯಾವ ಸಾಫ್ಟ್‌ವೇರೂ ಕಂಡು ಹೇಳುವುದಿಲ್ಲ. ಸಾಫ್ಟ್‌ವೇರ್ ಮಾಡುವುದು ಡ್ರೈವನ್ನು ಬಗೆಬಗೆಯಾಗಿ ಕೇಳುವ ಕೆಲಸ, ಅಷ್ಟೆ.

ದುಡ್ಡು ಬಿಚ್ಚುವ ಮುಂಚೆ ಡಿಸ್ಕ್ ನೋಡಿ

ಸಿಡಿ-ಆರ್ ಎಂದರೆ 1.2 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟ್ ಬಿಲ್ಲೆ. ಅದರ ಬೆನ್ನಿಗೆ ಬಣ್ಣದ ಪದರ (ಧ್ವನಿಯ ಬರಹ ಬೀಳುವುದು ಇದರಲ್ಲೇ), ಅದರ ಮೇಲೆ ಬೆಳ್ಳಿಯದೋ ಚಿನ್ನದ್ದೋ ಪ್ರತಿಫಲಿಸುವ ಪದರ, ಅದರ ಮೇಲೆ ಕೆಲವೇ ಮೈಕ್ರಾನಿನ ಲ್ಯಾಕರ್. ಲೇಸರ್ ಕೆಳಗಿನಿಂದ, ಅಂದರೆ ಪಾಲಿಕಾರ್ಬೊನೇಟಿನ ಮೂಲಕ ಓದುತ್ತದೆ. ಹೊಳೆಯುವ ಬದಿಯ ಗೀರು ಕಂಡು ಗಾಬರಿಯಾಗುವವರು ಹೆಸರು ಬರೆದ ಬದಿಯನ್ನು ತಿರುಗಿಸಿ ನೋಡುವುದೇ ಇಲ್ಲ. ನಾಜೂಕಾದ ಬದಿ ಅದೇ. ಅಲ್ಲಿ ಉಗುರು ತಾಗಿದರೂ ಪದರ ಕಿತ್ತು ಬರಬಹುದು.

ಡಿಸ್ಕನ್ನು ಟ್ಯೂಬ್‌ಲೈಟಿನತ್ತ ಎತ್ತಿ ಹಿಡಿಯಿರಿ. ಬೆಳಕಿನ ಚುಕ್ಕೆಗಳು ಆರಪಾರ ಕಂಡರೆ ಅಷ್ಟು ಜಾಗದಲ್ಲಿ ಪ್ರತಿಫಲಿಸುವ ಪದರ ಹೋಗಿದೆ ಎಂದರ್ಥ. ಅಲ್ಲಿದ್ದ ಧ್ವನಿ ಯಾವ ವಿದ್ಯೆಯಿಂದಲೂ ವಾಪಸು ಬರುವುದಿಲ್ಲ. ಚುಕ್ಕೆ ಚಿಕ್ಕದಿದ್ದರೆ ಚಿಂತೆ ಬೇಡ: ಸಿಡಿಯ ದೋಷ ತಿದ್ದುವ ವ್ಯವಸ್ಥೆ ಟ್ರ್ಯಾಕಿನ, ಅಂದರೆ ಸುತ್ತುತ್ತಾ ಹೋಗುವ ಬರಹದ ಗೆರೆಯ, ಉದ್ದಕ್ಕೆ ಸುಮಾರು 2.5 ಮಿ.ಮೀ.ವರೆಗಿನ ಖಾಲಿಯನ್ನು ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಈ ಕಾರಣಕ್ಕೇ ಕೇಂದ್ರದಿಂದ ಅಂಚಿನತ್ತ ಹೋದ ಉದ್ದನೆಯ ಗೀರು ಕಣ್ಣಿಗೆ ಭಯ ಹುಟ್ಟಿಸಿದರೂ ಸಾಮಾನ್ಯವಾಗಿ ನಿರಪಾಯಿ. ಸುತ್ತಿನ ಗುಂಟ ಬಿದ್ದ ಅರ್ಧ ಇಂಚಿನ ಗೀರು ಹಾಡನ್ನೇ ನುಂಗುತ್ತದೆ.

ಈಗ ಹೊಳೆಯುವ ಬದಿಯನ್ನು ಓರೆಯಾಗಿ ಹಿಡಿದು ನೋಡಿ. ಬರೆದ ಭಾಗಕ್ಕೂ ಬರೆಯದ ಭಾಗಕ್ಕೂ ಬಣ್ಣದಲ್ಲಿ ತುಸು ವ್ಯತ್ಯಾಸ ಇರುತ್ತದೆ. ಕೇಂದ್ರದಿಂದ 23 ಮಿ.ಮೀ.ಗೆ ಶುರುವಾಗಿ 25 ಮಿ.ಮೀ.ವರೆಗಿನ ಪಟ್ಟಿಗೆ ಲೀಡ್-ಇನ್ ಎಂದು ಹೆಸರು. ಯಾವ ಹಾಡು ಎಲ್ಲಿಂದ ಎಲ್ಲಿಯವರೆಗೆ ಎಂಬ ಪಟ್ಟಿ, ಅಂದರೆ ಟಿಒಸಿ, ಇರುವುದು ಅಲ್ಲಿ. ಹಾಡು ಶುರುವಾಗುವುದು 25 ಮಿ.ಮೀ.ನಿಂದ. ಫೈನಲೈಸ್ ಆದ ಡಿಸ್ಕಿನಲ್ಲಿ ಬರೆದ ಬಣ್ಣ 23 ಮಿ.ಮೀ.ನಿಂದಲೇ ಒಂದೇ ಸಮನೆ ಹೊರಗೆ ಹರಡಿರುತ್ತದೆ. ಫೈನಲೈಸ್ ಆಗದ್ದರಲ್ಲಿ ಹಾಡಿನ ಪಟ್ಟಿಗೆ ಮೊದಲು 2 ಮಿ.ಮೀ. ಅಗಲದ, ಏನೂ ಬರೆಯದ ಉಂಗುರ ಎದ್ದು ಕಾಣುತ್ತದೆ. ಅದರ ಒಳಮಗ್ಗುಲಿಗೆ ತೀರಾ ಸಣ್ಣ ಗೆರೆಯೊಂದು ಇರಬಹುದು. ಆ ಉಂಗುರ ಕಂಡರೆ ಅರ್ಧ ಸಮಾಧಾನಪಡಿ. ಡಿಸ್ಕ್ ಹಾಳಾಗಿಲ್ಲ, ಕೊನೆಯ ಕೆಲಸವೊಂದು ಬಾಕಿ ಉಳಿದಿದೆ. ಡೆಕ್ಕಿನಂತೆ ಆಂಪ್ಲಿಫೈಯರಿಗೆ ಜೋಡಿಸುವ ಸಿಡಿ ರೆಕಾರ್ಡರುಗಳಲ್ಲಿ ಕಚೇರಿಗಳನ್ನು ಹಿಡಿದವರ ಡಿಸ್ಕುಗಳಲ್ಲಿ ಇದು ಮಾಮೂಲಿ. ಆ ಯಂತ್ರಗಳಲ್ಲಿ ಫೈನಲೈಸ್ ಗುಂಡಿಯನ್ನು ಬೇರೆಯಾಗಿ ಒತ್ತಬೇಕಿತ್ತು, ಒತ್ತಿ ಕೆಲವು ನಿಮಿಷ ಕಾಯಬೇಕಿತ್ತು.

ಇನ್ನೊಂದು ವಿಷಯ ಇತ್ಯರ್ಥವಾಗಬೇಕು: ಅದು ಆಡಿಯೊ ಸಿಡಿಯೋ, ಎಂಪಿ3 ತುಂಬಿದ ಡೇಟಾ ಸಿಡಿಯೋ? ಒಂದು ಡಿಸ್ಕಿನಲ್ಲಿ ನೂರಿಪ್ಪತ್ತು ಹಾಡಿತ್ತು ಎಂಬ ನೆನಪಿದ್ದರೆ ಅದು ಎಂಪಿ3. ಆಡಿಯೊ ಸಿಡಿಯಲ್ಲಿ 74 ಅಥವಾ 80 ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಆಡಿಯೊ ಸಿಡಿಯನ್ನು ವಿಂಡೋಸಿನಲ್ಲಿ ತೆರೆದರೆ ಟ್ರ್ಯಾಕ್ 01 ಸಿಡಿಎ ಎಂದು ಮುಂತಾಗಿ ಕಾಣುವ ಫೈಲುಗಳು ತಲಾ 44 ಬೈಟಿನವು. ಅವುಗಳಲ್ಲಿ ಹಾಡು ಇಲ್ಲ, ವಿಳಾಸ ಮಾತ್ರ ಇದೆ. ಅವನ್ನು ಪೆನ್‌ಡ್ರೈವಿಗೆ ಎಳೆದುಹಾಕಿ ‘ಕಾಪಿ ಆಯಿತು’ ಎಂದುಕೊಂಡು ಡಿಸ್ಕನ್ನು ಮಕ್ಕಳ ಕೈಗೆ ಕೊಟ್ಟ ಮನೆಗಳಿಗೇನೂ ಕಡಿಮೆಯಿಲ್ಲ.

ತೊಳೆಯುವುದಕ್ಕೆ ಹೆಚ್ಚು ಹೇಳಬೇಕಿಲ್ಲ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವದ ಒಂದು ಹನಿ, ಮೈಕ್ರೊಫೈಬರ್ ಬಟ್ಟೆ. ಕೇಂದ್ರದಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತುತ್ತಾ ಅಲ್ಲ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲಕ್ಕೆ ಕೂರುವ ಬೂಷ್ಟು ಮೇಲ್ಮೈಯಲ್ಲಷ್ಟೇ ಇದ್ದರೆ ಇಷ್ಟಕ್ಕೇ ಹೋಗುತ್ತದೆ. ಜಿಡ್ಡಿದ್ದರೆ ಹೊಳೆಯುವ ಬದಿಗೆ ಮಾತ್ರ ಐಸೊಪ್ರೊಪೈಲ್ ಆಲ್ಕೊಹಾಲ್. ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರವ ಇವು ಹತ್ತಿರವೂ ಸುಳಿಯಬಾರದು, ಪಾಲಿಕಾರ್ಬೊನೇಟ್ ಮಬ್ಬಾಗಿ ಸೀಳುಬಿಡುತ್ತದೆ. ಮೇಲೆ ಕಾಗದದ ಸ್ಟಿಕ್ಕರ್ ಅಂಟಿಸಿದ್ದರೆ ಕೀಳಬೇಡಿ. ಸ್ಟಿಕ್ಕರಿನ ಜೊತೆ ಬೆಳ್ಳಿ ಪದರವೂ ಎದ್ದುಬರುತ್ತದೆ. ಅರ್ಧ ಎದ್ದ ಸ್ಟಿಕ್ಕರಿನಿಂದ ಡಿಸ್ಕ್ ಓಲಾಡುತ್ತಿದ್ದರೆ ವೇಗ ಇಳಿಸಿ ಓದಿಸುವುದೇ ದಾರಿ.

ಡ್ರೈವ್

ಯುಎಸ್‌ಬಿಗೆ ಚುಚ್ಚುವ ತೆಳ್ಳನೆಯ ಡ್ರೈವುಗಳು ಮನೆಬಳಕೆಗೆ ಅಡ್ಡಿಯಿಲ್ಲ, ಹಾಳಾದ ಡಿಸ್ಕಿಗೆ ಅಷ್ಟಕ್ಕಷ್ಟೆ. ಡಿಸ್ಕನ್ನು ಹಿಡಿಯುವ ಹಿಡಿತ ಹಗುರ, ವಿದ್ಯುತ್ತು ಯುಎಸ್‌ಬಿ ಕೊಟ್ಟಷ್ಟೇ. ಹಬ್ಬಿಗೆ ಸಿಕ್ಕಿಸಿದರೆ ಡಿಸ್ಕ್ ತಿರುಗಲು ಶುರುಮಾಡುವ ಹೊತ್ತಿಗೇ ಡ್ರೈವ್ ಸುಸ್ತಾಗಿ ಕಾಣೆಯಾಗುತ್ತದೆ. ಅಂಥದ್ದೇ ಇದ್ದರೆ ಕಂಪ್ಯೂಟರಿನ ಹಿಂಬದಿಯ ಪೋರ್ಟಿಗೆ ನೇರವಾಗಿ ಹಾಕಿ.

ಡೆಸ್ಕ್‌ಟಾಪಿನ ದಪ್ಪ ಡಿವಿಡಿ ರೈಟರ್ ಮೇಲು. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹುಡುಕಿದರೆ ಎಲ್‌ಜಿ, ಲೈಟ್-ಆನ್, ಏಸಸ್, ಪಯೋನಿಯರ್ ಯಾವುದಾದರೂ ಸಿಕ್ಕೀತು. ಬೇರೆ ಬೇರೆ ಕಂಪನಿಯ ಎರಡು ತೆಗೆದುಕೊಳ್ಳಿ. ಒಂದೇ ಮಾಡೆಲಿನ ಎರಡರಿಂದ ಉಪಯೋಗ ಕಡಿಮೆ: ಒಂದರ ಫರ್ಮ್‌ವೇರ್ (ಡ್ರೈವಿನೊಳಗಿನ ಸಾಫ್ಟ್‌ವೇರ್) ಎಲ್ಲಿ ಮುಗ್ಗರಿಸುತ್ತದೋ ಇನ್ನೊಂದೂ ಅಲ್ಲೇ ಮುಗ್ಗರಿಸುವುದು ಹೆಚ್ಚು. ‘ರೈಟರ್’ ಎಂದು ಒತ್ತಿ ಹೇಳಲು ಕಾರಣವಿದೆ, ಮುಂದೆ ಬರುತ್ತದೆ. ಇಂಥ ಡ್ರೈವನ್ನು ಯುಎಸ್‌ಬಿಗೆ ಜೋಡಿಸಲು ಕೇಬಲ್ ಕೊಳ್ಳುವಾಗ ಒಂದು ಎಚ್ಚರಿಕೆ. ಎಸ್‌ಎಸ್‌ಡಿಗೆಂದು ಮಾರುವ ಸಾಟಾ-ಯುಎಸ್‌ಬಿ ಕೇಬಲ್ ಬರೀ 5 ವೋಲ್ಟ್ ಕೊಡುತ್ತದೆ. ದಪ್ಪ ಡ್ರೈವಿನ ಮೋಟರಿಗೆ 12 ವೋಲ್ಟ್ ಬೇಕು. ಗೋಡೆಗೆ ಚುಚ್ಚುವ 12 ವೋಲ್ಟಿನ ಅಡಾಪ್ಟರ್ ಜೊತೆಗೆ ಬರುವ ಕೇಬಲನ್ನೇ ಕೇಳಿ. ಇಲ್ಲದಿದ್ದರೆ ಟ್ರೇ ಕೂಡ ಹೊರಬರುವುದಿಲ್ಲ, ಡ್ರೈವ್ ಸತ್ತಿದೆ ಎಂದು ಅಂಗಡಿಯವರ ಮೇಲೆ ಸುಮ್ಮನೆ ಜಗಳ.

ಹೊಸ ಡ್ರೈವಿಗೆ ಡಿಸ್ಕ್ ಹಾಕಿದ ಮೇಲೆ ಒಂದೆರಡು ನಿಮಿಷ ಬಿಡಿ. ಬಣ್ಣ ಮಾಸಿದ ಡಿಸ್ಕಿನಲ್ಲಿ ಟಿಒಸಿ ಸಿಗಲು ಅಷ್ಟು ಹೊತ್ತು ಹಿಡಿದರೂ ಹಿಡಿದೀತು. ಹತ್ತು ಸೆಕೆಂಡಿಗೆ ಟ್ರೇ ಎಳೆದು ‘ಇದೂ ಓದಲ್ಲ’ ಎನ್ನುವುದು ಅವಸರ.

ಇಎಸಿ: ಹಠಮಾರಿ, ಆದರೆ ಪ್ರಾಮಾಣಿಕ

ಹಾಡಿನ ಪಟ್ಟಿ ಕಾಣಿಸಿತೋ, ನೇರ ಇಎಸಿಗೆ ಹೋಗಿ. ಕಾರಣ ಇಷ್ಟು. ಆಡಿಯೊ ಸಿಡಿಯ ಒಂದು ಸೆಕ್ಟರ್ ಅಂದರೆ ಸೆಕೆಂಡಿನ 75ನೇ ಒಂದು ಪಾಲು, 2352 ಬೈಟ್, ಅಷ್ಟೂ ಧ್ವನಿಯೇ. ಡೇಟಾ ಸಿಡಿಯಲ್ಲಿ ಅದೇ ಜಾಗದಲ್ಲಿ 2048 ಬೈಟ್ ಮಾತ್ರ ಫೈಲಿನದ್ದು, ಉಳಿದದ್ದರಲ್ಲಿ ಬಹುಪಾಲು ತಪ್ಪು ಹಿಡಿದು ತಿದ್ದುವುದಕ್ಕೆ ಮೀಸಲು. ಹೀಗಾಗಿ ಎಂಪಿ3 ಫೈಲು ಸರಿಯಾಗಿ ಬಂತೋ ಇಲ್ಲವೋ ಎಂದು ಡ್ರೈವ್ ಖಚಿತವಾಗಿ ಹೇಳಬಲ್ಲದು. ಆಡಿಯೊ ಟ್ರ್ಯಾಕಿನಲ್ಲಿ ತಪ್ಪು ಉಳಿದರೂ ಡ್ರೈವ್ ಏನೋ ಒಂದನ್ನು ಕೊಟ್ಟು ಕೈತೊಳೆದುಕೊಳ್ಳಬಹುದು. ಇಎಸಿ ಇದನ್ನು ನಂಬುವುದಿಲ್ಲ. ಅದರ ಸೆಕ್ಯೂರ್ ಮೋಡಿನಲ್ಲಿ ಪ್ರತಿ ಸೆಕ್ಟರನ್ನೂ ಕನಿಷ್ಠ ಎರಡು ಸಲ ಓದಿ ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ 16 ಸಲದ ಕಂತಿನಲ್ಲಿ ಮತ್ತೆ ಓದುತ್ತದೆ. 16ರಲ್ಲಿ 8 ಒಂದೇ ಆಗಿ ಬಂದರೆ ಒಪ್ಪುತ್ತದೆ, ಇಲ್ಲವಾದರೆ ಮುಂದಿನ ಕಂತು. ಹೀಗೆ ಐದು ಕಂತು, ಅಂದರೆ ತೀರಾ ಕೆಟ್ಟ ಸೆಕ್ಟರಿಗೆ 82 ಓದು.

ಹೊಂದಿಸುವುದು ಹೀಗೆ. ಎಫ್ 10 ಒತ್ತಿದರೆ ಡ್ರೈವಿನ ಆಯ್ಕೆಗಳು ಬರುತ್ತವೆ. ಸೆಕ್ಯೂರ್ ಮೋಡ್ ಆರಿಸಿ. ‘ಅಕ್ಯುರೇಟ್ ಸ್ಟ್ರೀಮ್’ ಹಾಗೂ ‘ಡ್ರೈವ್ ಆಡಿಯೊ ಡೇಟಾ ಕ್ಯಾಶ್ ಮಾಡುತ್ತದೆ’ ಎಂಬ ಅರ್ಥದ ಎರಡಕ್ಕೂ ಟಿಕ್ ಇರಲಿ, ಸಿ2 ಮಾಹಿತಿ ಬಳಸುವ ಟಿಕ್ ತೆಗೆಯಿರಿ. ತಪ್ಪು ಎಲ್ಲಿದೆ ಎಂಬ ಸಿ2 ಸೂಚನೆಯನ್ನು ಎಲ್ಲ ಡ್ರೈವೂ ಸರಿಯಾಗಿ ಕೊಡುವುದಿಲ್ಲ. ಇನ್ನು ಕ್ಯಾಶ್ ವಿಷಯ: ಎರಡನೆಯ ಸಲ ಓದಿ ಎಂದಾಗ ಡ್ರೈವ್ ಡಿಸ್ಕಿಗೆ ಹೋಗದೆ ತನ್ನ ನೆನಪಿನಿಂದಲೇ ಹಳೆಯ ಉತ್ತರ ಕೊಟ್ಟರೆ ತಾಳೆ ನೋಡಿ ಏನು ಫಲ? ಆ ಟಿಕ್ ಇದ್ದರೆ ಇಎಸಿ ಕ್ಯಾಶನ್ನು ಖಾಲಿ ಮಾಡಿಸಿ ಓದಿಸುತ್ತದೆ. ನಿಧಾನವಾಗುತ್ತದೆ, ಆಗಲಿ. ಎರರ್ ರಿಕವರಿ ಗುಣಮಟ್ಟವನ್ನು ‘ಹೈ’ಗೆ ಇಡಿ, ಅಗತ್ಯಕ್ಕೆ ತಕ್ಕಂತೆ ವೇಗ ಇಳಿಸಲು ಬಿಡುವ ಆಯ್ಕೆಯೂ ಇರಲಿ.

ಹಾಡುಗಳನ್ನು ಆರಿಸಿ ಎಫ್ 6 ಒತ್ತಿದರೆ ಒಮ್ಮೆ ಪರೀಕ್ಷೆಗೆ ಓದಿ, ಮತ್ತೊಮ್ಮೆ ಓದಿ ವೇವ್ ಫೈಲಾಗಿ (ಕುಗ್ಗಿಸದ ಧ್ವನಿ) ಉಳಿಸುತ್ತದೆ. ಎರಡರ ಸಿಆರ್‌ಸಿ ಸಂಖ್ಯೆ (ಓದಿದ್ದರಿಂದ ಲೆಕ್ಕ ಹಾಕಿದ ತಾಳೆಯ ಸಂಖ್ಯೆ) ಒಂದೇ ಇದ್ದರೆ ಆ ಹಾಡನ್ನು ನಂಬಬಹುದು. ಅಕ್ಯುರೇಟ್‌ರಿಪ್ ಎಂಬ ಸಾಲಿನಲ್ಲಿ ‘ದತ್ತಾಂಶದಲ್ಲಿ ಇಲ್ಲ’ ಎಂದು ಬಂದರೆ ತಲೆಕೆಡಿಸಿಕೊಳ್ಳಬೇಡಿ. ಅದು ಇತರರು ಅದೇ ಸಿಡಿಯಿಂದ ತೆಗೆದದ್ದರ ಜೊತೆ ಹೋಲಿಸುವ ವ್ಯವಸ್ಥೆ. ನಿಮ್ಮೂರ ತಾಳಮದ್ದಲೆ ಇನ್ನೊಬ್ಬರ ಬಳಿ ಎಲ್ಲಿಂದ ಬರಬೇಕು?

ಲಾಗ್, ಅಂದರೆ ಇಎಸಿ ಕೊನೆಗೆ ಕೊಡುವ ವರದಿ, ಓದುವುದು ಕಲಿಯಬೇಕು. ಟ್ರ್ಯಾಕ್ ಕ್ವಾಲಿಟಿ 98.7 ಶೇಕಡ ಎಂದಿದ್ದರೆ ಧ್ವನಿಯ 1.3 ಶೇಕಡ ಹೋಯಿತು ಎಂದಲ್ಲ. ಅಷ್ಟರಮಟ್ಟಿಗೆ ಮತ್ತೆ ಮತ್ತೆ ಓದಬೇಕಾಯಿತು ಎಂದಷ್ಟೇ. ಕಿವಿಗೊಡಬೇಕಾದ್ದು ‘ಸಸ್ಪಿಷಿಯಸ್ ಪೊಸಿಷನ್’ ಎಂದು ನಿಮಿಷ-ಸೆಕೆಂಡ್ ಸಮೇತ ಬರುವ ಸಾಲುಗಳಿಗೆ. ಹೆಡ್‌ಫೋನ್ ಹಾಕಿ ಆ ಜಾಗಗಳನ್ನಷ್ಟೇ ಕೇಳಿದರೆ ಸಾಕು.

ದೂರುವುದಕ್ಕೂ ಇದೆ. ಒಂದು ಕೆಟ್ಟ ಹಾಡಿನ ಮೇಲೆ ಇಎಸಿ ಗಂಟೆಗಟ್ಟಲೆ ಕೂರುತ್ತದೆ, ಅಷ್ಟು ಹೊತ್ತೂ ಡ್ರೈವ್ ಬಿಸಿಯಾಗುತ್ತಾ ಹೋಗುತ್ತದೆ, ಬಿಸಿಯಾದಷ್ಟೂ ಓದು ಕೆಡುತ್ತದೆ. ಒಂದು ಹಾಡಿಗೆ ಅರ್ಧ ಗಂಟೆ ದಾಟಿದರೆ ನಿಲ್ಲಿಸಿ, ಡ್ರೈವ್ ಆರಲು ಬಿಟ್ಟು, ತಾಳೆ ನೋಡದೆ ಒಂದೇ ಸಲ ಓದುವ ಬರ್ಸ್ಟ್ ಮೋಡಿನಲ್ಲಿ ಒಮ್ಮೆ ತೆಗೆದುಕೊಳ್ಳಿ. ತಪ್ಪುಗಳಿದ್ದರೂ ಕೈಯಲ್ಲಿ ಒಂದು ಪ್ರತಿ ಇರಲಿ. ಆಮೇಲೆ ಇನ್ನೊಂದು ಡ್ರೈವಿನಲ್ಲಿ ಸೆಕ್ಯೂರ್ ಮೋಡ್. ವೇಗದ ಬಗ್ಗೆ ‘ನಿಧಾನವೇ ಪ್ರಧಾನ’ ಎಂಬುದು ಅರ್ಧಸತ್ಯ: ಈಚಿನ ಕೆಲವು ಡ್ರೈವುಗಳು 4 ಎಕ್ಸ್‌ಗಿಂತ 8 ಅಥವಾ 16 ಎಕ್ಸ್‌ನಲ್ಲೇ ಸ್ಥಿರವಾಗಿ ಓದುತ್ತವೆ. ಡಿಸ್ಕಿನ ಕೊನೆಯ ಹಾಡುಗಳು ಮೊದಲು ಹಾಳಾಗುವುದು ಸಾಮಾನ್ಯ. ಸಿಡಿ ಒಳಗಿನಿಂದ ಹೊರಗೆ ಬರೆಯಲ್ಪಡುತ್ತದೆ. ಬೆರಳು ತಾಗುವುದೂ, ತೇವ ಒಳನುಗ್ಗುವುದೂ, ಓಲಾಟ ಹೆಚ್ಚುವುದೂ ಹೊರ ಅಂಚಿನಲ್ಲೇ. ಆದ್ದರಿಂದ ಕೊನೆಯ ಹಾಡುಗಳನ್ನು ಮೊದಲು, ಡ್ರೈವ್ ತಣ್ಣಗಿರುವಾಗ ತೆಗೆಯುವುದು ಜಾಣತನ.

ಲಿನಕ್ಸ್‌ನವರಿಗೆ ಸಿಡಿ-ಪ್ಯಾರನೋಯಾ ಇದೇ ಕೆಲಸ ಮಾಡುತ್ತದೆ. ಕೆಟ್ಟ ಡಿಸ್ಕಿನ ನಕಲು ತೆಗೆಯುವ ಡಿಡಿರೆಸ್ಕ್ಯೂ ಬಳಸಿ ಎಂದು ಸಲಹೆ ಕೊಡುವವರು ಒಂದು ಮರೆಯುತ್ತಾರೆ: ಆಡಿಯೊ ಟ್ರ್ಯಾಕುಗಳು ಲಿನಕ್ಸಿಗೆ ಫೈಲು ತುಂಬಿದ ಸಾಮಾನ್ಯ ಡಿಸ್ಕಿನಂತೆ (ಬ್ಲಾಕ್ ಡಿವೈಸ್) ಸಿಗುವುದಿಲ್ಲ, ಹಾಗಾಗಿ ಡಿಡಿರೆಸ್ಕ್ಯೂ ಅಲ್ಲಿ ನಡೆಯುವುದಿಲ್ಲ. ಎಂಪಿ3 ತುಂಬಿದ ಡಿಸ್ಕಿಗೆ ಮಾತ್ರ ಅದಕ್ಕೆ ಸಾಟಿಯಿಲ್ಲ. ಬ್ಲಾಕ್ ಗಾತ್ರ 2048 ಕೊಟ್ಟು, ಎಲ್ಲೆಲ್ಲಿ ಓದಾಯಿತು ಎಂಬ ಲೆಕ್ಕದ ಮ್ಯಾಪ್ ಫೈಲ್ ಇಟ್ಟುಕೊಂಡು ಒಂದು ಡ್ರೈವಿನಲ್ಲಿ ಓಡಿಸಿ, ಅದೇ ಮ್ಯಾಪ್ ಫೈಲಿನೊಂದಿಗೆ ಎರಡನೆಯ ಡ್ರೈವಿನಲ್ಲಿ ಓಡಿಸಿದರೆ ಬಿಟ್ಟುಹೋದ ಜಾಗಗಳನ್ನಷ್ಟೇ ತುಂಬುತ್ತದೆ. 128 ಕೆಬಿಪಿಎಸ್ ಎಂಪಿ3ಯಲ್ಲಿ ಒಂದು ಸೆಕ್ಟರ್ ಹೋದರೆ ನಷ್ಟ 0.128 ಸೆಕೆಂಡ್. ಹಾಡು ಒಮ್ಮೆ ಎಡವಿ ಮುಂದೆ ಹೋಗುತ್ತದೆ.

ಇಎಸಿಯ ದೊಡ್ಡ ಮಿತಿ ಒಂದೇ. ಟಿಒಸಿ ಇಲ್ಲದಿದ್ದರೆ ಅದರ ಪಾಲಿಗೆ ಡಿಸ್ಕೇ ಇಲ್ಲ.

ಐಸೊಬಸ್ಟರ್ ದುಡ್ಡಿಗೆ ತಕ್ಕದ್ದು ಯಾವಾಗ

ಫೈನಲೈಸ್ ಆಗದ ಡಿಸ್ಕನ್ನು ವಿಂಡೋಸ್ ಖಾಲಿ ಡಿಸ್ಕ್ ಎಂದು ತಿಳಿದು ‘ಇದರ ಮೇಲೆ ಏನು ಬರೆಯಬೇಕು’ ಎಂದು ಕೇಳುವ ಪೆಟ್ಟಿಗೆ ತೋರಿಸಬಹುದು. ರದ್ದು ಮಾಡಿ. ಸರಿ ಎಂದು ಒತ್ತಿದರೆ ಇದ್ದಬದ್ದ ದಾರಿಯೂ ಮುಚ್ಚೀತು.

ಐಸೊಬಸ್ಟರಿನ ಎಡಗಡೆ ಡಿಸ್ಕ್, ಅದರಡಿ ಸೆಷನ್ (ಒಂದು ಸುತ್ತಿನಲ್ಲಿ ಬರೆದ ಭಾಗ), ಅದರಡಿ ಟ್ರ್ಯಾಕುಗಳು ಕವಲಾಗಿ ಕಾಣುತ್ತವೆ. ಬರೆಯುತ್ತಾ ಹೋದಂತೆ ರೆಕಾರ್ಡರ್ ಪ್ರತಿ ಹಾಡಿನ ಶುರು ಮತ್ತು ಕೊನೆಯನ್ನು ಪಿಎಂಎ ಎಂಬ ಒಳಬದಿಯ ಜಾಗದಲ್ಲಿ ತಾತ್ಕಾಲಿಕವಾಗಿ ಗುರುತು ಹಾಕಿರುತ್ತದೆ. ಮೊದಲು ಹೇಳಿದ ಖಾಲಿ ಉಂಗುರದ ಪಕ್ಕದ ಸಣ್ಣ ಗೆರೆ ಅದೇ. ಅದನ್ನು ಓದಬಲ್ಲದ್ದು ಬರೆಯುವ ಡ್ರೈವ್ ಮಾತ್ರ. ಕಾರಿನ ಪ್ಲೇಯರಿಗೆ, ಮನೆಯ ಡಿವಿಡಿ ಪ್ಲೇಯರಿಗೆ, ಬರೀ ಓದುವ ರಾಮ್ ಡ್ರೈವಿಗೆ ಅದು ಕಾಣದು. ರೈಟರ್ ಬೇಕು ಎಂದದ್ದು ಇದಕ್ಕೆ. ಪುಕ್ಕಟೆ ಆವೃತ್ತಿಯಲ್ಲೇ ಟ್ರ್ಯಾಕುಗಳು ಕಾಣುತ್ತವೋ ಇಲ್ಲವೋ ನೋಡಿಕೊಳ್ಳಿ. ಕಾಣದೆ ಲೈಸೆನ್ಸ್ ಕೊಳ್ಳಬೇಡಿ, ಮೊದಲು ಡ್ರೈವ್ ಬದಲಿಸಿ.

ಟ್ರ್ಯಾಕಿನ ಮೇಲೆ ರೈಟ್ ಕ್ಲಿಕ್ ಮಾಡಿ ಆಡಿಯೊ ಎಂದು ಪರಿಗಣಿಸಿ ವೇವ್ ಆಗಿ ತೆಗೆಯುವ ಆಯ್ಕೆ ಕೊಡಿ. ಓದಲಾಗದ ಸೆಕ್ಟರ್ ಬಂದಾಗ ಮತ್ತೆ ಯತ್ನಿಸುವುದೋ, ಸೊನ್ನೆ ತುಂಬುವುದೋ, ಆ ಸೆಕ್ಟರನ್ನೇ ಬಿಡುವುದೋ ಎಂದು ಕೇಳುತ್ತದೆ. ಸೊನ್ನೆ ತುಂಬಿ. ಬಿಟ್ಟರೆ ಹಾಡು ಅಷ್ಟು ಮೋಟಾಗುತ್ತದೆ, ಆಮೇಲೆ ಇನ್ನೊಂದು ಡ್ರೈವಿನಿಂದ ತೆಗೆದ ಪ್ರತಿಯೊಂದಿಗೆ ಹೊಂದಿಸುವುದು ತಲೆನೋವು. ಇದಕ್ಕೊಂದು ಅಪವಾದ. ಹಾಡು ಹಾಡಾಗಿ ನಿಲ್ಲಿಸಿ ಬರೆದ ಡಿಸ್ಕಿನಲ್ಲಿ ಪ್ರತಿ ಟ್ರ್ಯಾಕಿನ ಕೊನೆಯ ಎರಡು ಸೆಕ್ಟರ್ ಓದಲು ಬರದೇ ಇರುವುದು ಸಹಜ. ಲೇಸರ್ ಬರೆಯುವುದನ್ನು ನಿಲ್ಲಿಸಿ ಮತ್ತೆ ಶುರುಮಾಡಿದ ಕೂಡುಜಾಗ ಅದು. ಎಲ್ಲ ಟ್ರ್ಯಾಕಿನ ತುದಿಯಲ್ಲೂ ಎರಡೆರಡು ತಪ್ಪು ಕಂಡು ಡಿಸ್ಕ್ ಪೂರ್ತಿ ಹೋಗಿದೆ ಎಂದು ಕೈಬಿಡಬೇಡಿ, ಅವನ್ನು ಬಿಟ್ಟರೂ ಕಳೆದುಕೊಳ್ಳುವುದು ಏನಿಲ್ಲ.

ಲೈಸೆನ್ಸಿನ ಬೆಲೆಯನ್ನು ಸಮರ್ಥಿಸುವ ಇನ್ನೊಂದು ಸೌಲಭ್ಯ ಮ್ಯಾನೇಜ್ಡ್ ಇಮೇಜ್. ಡಿಸ್ಕಿನಿಂದ ಓದಿದಷ್ಟನ್ನು ಉಳಿಸಿಕೊಂಡು, ಓದದ ಜಾಗಗಳ ಲೆಕ್ಕ ಇಟ್ಟುಕೊಂಡು, ನಾಳೆ ಬೇರೆ ಡ್ರೈವಿನಲ್ಲಿ ಅಲ್ಲಿಂದಲೇ ಮುಂದುವರಿಸಬಹುದು. ಕೆಟ್ಟ ಡಿಸ್ಕನ್ನು ಪ್ರತಿ ಸಲ ಮೊದಲಿನಿಂದ ತಿರುಗಿಸುವುದು ತಪ್ಪುತ್ತದೆ.

ಕೊರತೆ ಎಂದರೆ, ಧ್ವನಿಯ ವಿಷಯದಲ್ಲಿ ಇದಕ್ಕೆ ಇಎಸಿಯ ಅನುಮಾನದ ಬುದ್ಧಿ ಇಲ್ಲ. ಫೈನಲೈಸ್ ಆಗದ್ದರ ಜೊತೆಗೆ ಬಣ್ಣವೂ ಮಾಸಿದ ಡಿಸ್ಕಾದರೆ ಎರಡೆರಡು ಸಲ ತೆಗೆದು ಫೈಲುಗಳನ್ನು ನೀವೇ ಹೋಲಿಸಬೇಕು. ಪರದೆಯೂ ಹಳೆಯ ಕಾಲದ್ದು, ಮೆನುಗಳಲ್ಲಿ ಮೆನು. ಹೊಸಬರು ದಾರಿ ತಪ್ಪುವುದು ಖಂಡಿತ.

ಫೈನಲೈಸ್ ಮಾಡಿಬಿಟ್ಟರೆ ಆಯಿತಲ್ಲ ಎಂದು ಕೇಳಬಹುದು. ಲಿನಕ್ಸಿನಲ್ಲಿ ಸಿಡಿ ಬರೆಯುವ ಸಾಫ್ಟ್‌ವೇರ್ ವೋಡಿಮ್‌ನಲ್ಲಿ ಫಿಕ್ಸ್ ಎಂಬ ಆಯ್ಕೆಯಿಂದ ಅದು ಸಾಧ್ಯ. ಅದು ಇಪ್ಪತ್ತು ವರ್ಷ ಹಳೆಯ ಬಣ್ಣದ ಮೇಲೆ ಹೊಸದಾಗಿ ಲೇಸರ್ ಹಾಯಿಸುವ ಕೆಲಸ, ಅರ್ಧಕ್ಕೆ ಕೆಟ್ಟರೆ ಹಿಂದಕ್ಕೆ ಬರಲಾಗದು. ಮೊದಲು ಐಸೊಬಸ್ಟರಿನಲ್ಲಿ ಧ್ವನಿ ತೆಗೆದಿಟ್ಟುಕೊಂಡು ಆಮೇಲೆ ಬೇಕಿದ್ದರೆ ಫೈನಲೈಸ್ ಮಾಡಿ.

ಪಿಎಂಎಯಲ್ಲೂ ಗುರುತಿಲ್ಲದಿದ್ದರೆ

ರೆಕಾರ್ಡಿಂಗ್ ನಡೆಯುತ್ತಿರುವಾಗಲೇ ಕರೆಂಟು ಹೋದ ಡಿಸ್ಕುಗಳ ಪಾಡು ಇದು. ಹೊಳೆಯುವ ಬದಿಯಲ್ಲಿ ಬರೆದ ಪಟ್ಟಿ ಕಣ್ಣಿಗೆ ಕಾಣುತ್ತದೆ, ಯಾವ ಡ್ರೈವೂ ಟ್ರ್ಯಾಕ್ ತೋರಿಸುವುದಿಲ್ಲ. ಇಲ್ಲಿ ಉಳಿಯುವುದು ಡಿಸ್ಕ್ ಅದಲುಬದಲು ಮಾಡುವ ಉಪಾಯ. 79 ನಿಮಿಷದ ಒಂದೇ ಟ್ರ್ಯಾಕ್, ಬರೀ ನಿಶ್ಶಬ್ದ, ಸರಿಯಾಗಿ ಫೈನಲೈಸ್ ಮಾಡಿದ ಆಡಿಯೊ ಸಿಡಿಯೊಂದನ್ನು ಬರ್ನ್ ಮಾಡಿ. ಬಳಸಿ ಬಿಸಾಡಬಹುದಾದ ದಪ್ಪ ಡ್ರೈವಿನ ಮೇಲ್ಮುಚ್ಚಳ ಬಿಚ್ಚಿ ಆ ಡಿಸ್ಕ್ ಹಾಕಿ. ಟಿಒಸಿ ಓದಿಕೊಂಡು ಡ್ರೈವ್ ತಿರುಗುವುದು ತಾನಾಗಿ ನಿಂತ ಮೇಲೆ, ಟ್ರೇ ಹೊರಗೆ ತೆಗೆಯದೆ, ಮೇಲಿನ ಹಿಡಿಕೆಯನ್ನು ಎತ್ತಿ ಹಾಳಾದ ಡಿಸ್ಕನ್ನು ಕೂರಿಸಿ ಹಿಡಿಕೆ ಇಡಿ. ಡಿಸ್ಕ್ ಬದಲಾದದ್ದು ಡ್ರೈವಿಗೆ ಗೊತ್ತಾಗುವುದಿಲ್ಲ. 79 ನಿಮಿಷದ ಹಾಡಿದೆ ಎಂದೇ ನಂಬಿರುತ್ತದೆ. ಐಸೊಬಸ್ಟರಿನ ‘ಎಕ್ಸ್‌ಟ್ರ್ಯಾಕ್ಟ್ ಫ್ರಮ್-ಟು’ನಲ್ಲಾಗಲಿ ಇಎಸಿಯ ‘ಕಾಪಿ ರೇಂಜ್’ನಲ್ಲಾಗಲಿ ಸೊನ್ನೆಯಿಂದ ಶುರುಮಾಡಿ ತೆಗೆಯಿರಿ. ಸೆಕೆಂಡಿಗೆ 75 ಸೆಕ್ಟರ್, ನಿಮಿಷಕ್ಕೆ 4500, ಈ ಲೆಕ್ಕ ಕೈಯಲ್ಲಿರಲಿ. ಬರೆದ ಪಟ್ಟಿ ಮುಗಿದಲ್ಲಿಗೆ ಓದು ನಿಲ್ಲುತ್ತದೆ. ಎಲ್ಲ ಡ್ರೈವಿನಲ್ಲೂ ನಡೆಯುವ ಆಟ ಇದಲ್ಲ. ಇನ್ನೂ ಒಂದು ಮಾತು: ಮುಚ್ಚಳ ತೆಗೆದ ಡ್ರೈವಿನಲ್ಲಿ ಸಿಡಿ ಓದುವ 780 ನ್ಯಾನೊಮೀಟರಿನ ಕಿರಣ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ, ಕಣ್ಣನ್ನು ಸುಡುವುದು ಮಾತ್ರ ನಿಜ. ಡಿಸ್ಕ್ ಇಲ್ಲದೆ ಚಾಲೂ ಮಾಡಬೇಡಿ, ಬಗ್ಗಿ ನೋಡಬೇಡಿ, ಮಕ್ಕಳು ಸುತ್ತಮುತ್ತ ಇರದಿರಲಿ.

ಪಾಲಿಶ್, ಹಳೆಯ ಪ್ಲೇಯರ್, ಹೊಲಿಗೆ

ಗೀರು ತೆಗೆಯುವ ಕಿಟ್‌ಗಳು ಕೆಲಸ ಮಾಡುವುದು ಹೊಳೆಯುವ ಬದಿಯ ಗೀರಿಗೆ ಮಾತ್ರ. ಬಣ್ಣ ಮಾಸಿದ್ದಕ್ಕೆ, ಮೇಲುಪದರ ಎದ್ದದ್ದಕ್ಕೆ, ಫೈನಲೈಸ್ ಆಗದ್ದಕ್ಕೆ ಅವು ದಂಡ. ಟೂತ್‌ಪೇಸ್ಟ್ ಉಜ್ಜುವುದೂ ಅದೇ ಕಿಟ್ಟಿನ ಬಡ ರೂಪ. ಗುರುತಿಲ್ಲದ ಒಂದು ಹಾಳು ಸಿಡಿಯ ಮೇಲೆ ಕೈ ಪಳಗಿಸಿಕೊಳ್ಳದೆ ಮುಖ್ಯ ಡಿಸ್ಕಿಗೆ ಹೋಗಬೇಡಿ. ತೆಗೆಯಬಹುದಾದ್ದನ್ನೆಲ್ಲ ತೆಗೆದುಕೊಂಡ ಮೇಲಷ್ಟೇ ಪಾಲಿಶ್.

ಕಂಪ್ಯೂಟರ್ ಓದದ ಆಡಿಯೊ ಡಿಸ್ಕನ್ನು ಹಳೆಯ ಹೈ-ಫೈ ಸಿಡಿ ಪ್ಲೇಯರ್ ಸಲೀಸಾಗಿ ಹಾಡುವುದುಂಟು. ಸರಿಪಡಿಸಲಾಗದ ತುಣುಕು ಬಂದರೆ ಪ್ಲೇಯರ್ ಹಿಂದುಮುಂದಿನ ಧ್ವನಿ ನೋಡಿ ಅಂದಾಜಿನಲ್ಲಿ ತುಂಬಿ ಮುಂದೆ ಹೋಗುತ್ತದೆ. ಕಿವಿಗೆ ಗೊತ್ತಾಗುವುದು ಅಪರೂಪ. ಹಾಗೆ ಹಾಡುವ ಪ್ಲೇಯರ್ ಸಿಕ್ಕರೆ ಅದರ ಆಪ್ಟಿಕಲ್ ಅಥವಾ ಕೊಯಾಕ್ಸಿಯಲ್ ಔಟ್‌ನಿಂದ, ಅದಿಲ್ಲದಿದ್ದರೆ ಲೈನ್ ಔಟ್‌ನಿಂದ ಕಂಪ್ಯೂಟರಿಗೆ ತಂತಿ ಎಳೆದು ಅಡಾಸಿಟಿ ಎಂಬ ಧ್ವನಿ ಸಂಕಲನದ ಸಾಫ್ಟ್‌ವೇರಿನಲ್ಲಿ 44.1 ಕಿಲೊಹರ್ಟ್ಸಿಗೆ ರೆಕಾರ್ಡ್ ಮಾಡಿ. ಹಾಡಿದಷ್ಟು ಹೊತ್ತು ಕಾಯಬೇಕು, ಅಷ್ಟೇ ಖರ್ಚು. ಲೈಸೆನ್ಸ್ ಕೊಳ್ಳುವ ಮುಂಚೆ ಈ ದಾರಿ ನೋಡದಿರುವುದು ದಡ್ಡತನ.

ಎರಡು ಡ್ರೈವಿನಿಂದ ತೆಗೆದ ಪ್ರತಿಗಳಲ್ಲಿ ಒಂದರಲ್ಲಿ ಕೆಟ್ಟ ಜಾಗ ಇನ್ನೊಂದರಲ್ಲಿ ಚೆನ್ನಾಗಿದ್ದರೆ ಕತ್ತರಿಸಿ ಕೂಡಿಸಬಹುದು. ಹಾಗೇ ಅಂಟಿಸಿದರೆ ಕೂಡುವುದಿಲ್ಲ: ಪ್ರತಿ ಡ್ರೈವಿಗೂ ಓದುವ ಆಫ್‌ಸೆಟ್, ಅಂದರೆ ಓದು ಹಿಂದುಮುಂದಾಗುವ ಅಳತೆ, ಬೇರೆ. ಪ್ಲೆಕ್ಸ್ಟರ್‌ಗಳದ್ದು ಸಾಮಾನ್ಯವಾಗಿ 30 ಸ್ಯಾಂಪಲ್ (ಒಂದು ಸೆಕೆಂಡಿನ ಧ್ವನಿಗೆ 44,100 ಸ್ಯಾಂಪಲ್), ಪಯೋನಿಯರ್‌ಗಳದ್ದು 667. ಇವೆರಡರ ಪ್ರತಿಗಳ ನಡುವೆ 637 ಸ್ಯಾಂಪಲ್, ಅಂದರೆ 14 ಮಿಲಿಸೆಕೆಂಡಿಗೂ ತುಸು ಹೆಚ್ಚಿನ ಅಂತರ ಇರುತ್ತದೆ. ಚೆಂಡೆಯ ಒಂದು ಪೆಟ್ಟನ್ನು ಎರಡೂ ಪ್ರತಿಯಲ್ಲಿ ಹಿಗ್ಗಿಸಿ ನೋಡಿ, ಅಲೆಯ ತುದಿಗೆ ತುದಿ ಸೇರುವಂತೆ ಒಂದನ್ನು ಸರಿಸಿ, ಆಮೇಲೆ ಕತ್ತರಿಸಿ. ಎರಡರಲ್ಲೂ ಕೆಟ್ಟಿದ್ದು ತೀರಾ ಚಿಕ್ಕದಾದರೆ ಅಡಾಸಿಟಿಯ ರಿಪೇರ್ ಇದೆ, ಆದರೆ ಅದು ಒಮ್ಮೆಗೆ 128 ಸ್ಯಾಂಪಲ್ ದಾಟುವುದಿಲ್ಲ. ಒಂದು ಪೂರ್ತಿ ಸೆಕ್ಟರ್ ಅಂದರೆ 588 ಸ್ಯಾಂಪಲ್. ಸೊನ್ನೆ ತುಂಬಿದ ಸೆಕ್ಟರನ್ನು ಅದರಿಂದ ಮುಚ್ಚಲಾಗದು. ಎರಡೂ ತುದಿಯನ್ನು ಮೆಲ್ಲಗೆ ಇಳಿಸಿ ಏರಿಸಿದರೆ ‘ಟಕ್’ ಎಂಬ ಸದ್ದಾದರೂ ಹೋಗುತ್ತದೆ.

ಇದೆಲ್ಲ ಬೇಡ ಎಂದು ಡೇಟಾ ರಿಕವರಿ ಅಂಗಡಿಗೆ ಕೊಡುವುದಾದರೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ಬಗೆಯ ಡ್ರೈವುಗಳಲ್ಲಿ ಓದಿಸುತ್ತೀರಿ? ಪಾಲಿಶ್ ಅಥವಾ ಫೈನಲೈಸ್ ಮಾಡುವ ಮೊದಲು ಕೇಳುತ್ತೀರಾ? ಕೊಡುವುದು ವೇವ್ ಫೈಲೋ, ಎಂಪಿ3ಯೋ? ಹಾರ್ಡ್ ಡಿಸ್ಕ್ ಕೆಲಸವೇ ಮುಖ್ಯವಾಗಿರುವ ಕಡೆ ಸಿಡಿಗೆ ಒಂದೇ ಡ್ರೈವ್ ಇಟ್ಟುಕೊಂಡಿರುವುದು ವಿಶೇಷವೇನಲ್ಲ. ಅಂಥಲ್ಲಿಗೆ ಕೊಡುವ ದುಡ್ಡಿನಲ್ಲಿ ಎರಡು ಹಳೆಯ ರೈಟರ್ ಬರುತ್ತವೆ. ಕೊರಿಯರ್ ಮಾಡುವುದಿದ್ದರೆ ಗಟ್ಟಿ ಜ್ಯುವೆಲ್ ಕೇಸಿನಲ್ಲಿ ಕಳಿಸಿ, ಕಾಗದದ ಲಕೋಟೆಯಲ್ಲಿ ಬೇಡ. 80 ನಿಮಿಷದ ಡಿಸ್ಕಿನ ವೇವ್ ಫೈಲುಗಳು ಒಟ್ಟು ಸುಮಾರು 847 ಎಂಬಿ. ವಾಪಸು ಬಂದ ಪೆನ್‌ಡ್ರೈವಿನಲ್ಲಿ 70 ಎಂಬಿ ಮಾತ್ರ ಇದ್ದರೆ ಎಂಪಿ3 ಮಾಡಿ ಕೊಟ್ಟಿದ್ದಾರೆ ಎಂದೇ ಲೆಕ್ಕ, ಅವರು ಮೂಲ ಫೈಲು ಅಳಿಸುವ ಮುಂಚೆ ಫೋನ್ ಮಾಡಿ.